ಗೆಳೆಯನಿಗೊಂದು ಪತ್ರ: ಹುಲ್ಲಿನ ಬಳೆಯನ್ನು ದಾಟಿ ಬಂದ ದಿನ

ಟೋಕಿಯೊ, ಜುಲೈ 2

ಪ್ರಿಯ ಗೆಳೆಯ,

ಜಪಾನಿನ ಹಳೆಯ ಧರ್ಮವಾದ ಶಿಂಟೋದ ಗುಡಿಗಳಲ್ಲಿ ನಡೆಯುವ ಆಚರಣೆಗಳಿಗೆ ಹೊರಗಿನವರನ್ನು ಸೇರಿಸುತ್ತಾರೆಯೇ, ಸೇರಿಸುವುದಾದರೆ ಅವರ ಧರ್ಮವನ್ನು ಒಪ್ಪಿಕೊಂಡೇ ಹೋಗಬೇಕೇ ಎಂದು ನೀನು ಕೇಳಿದ್ದೆ. ಮೊನ್ನೆ ಜೂನ್ 30ರಂದು ನಿಶಿಕಸಾಯಿಯ ನಮ್ಮ ಮನೆಯಿಂದ ನಡೆದೇ ಹೋಗಬಹುದಾದ ಒಂದು ಸಣ್ಣ ಜಿಂಜಾದಲ್ಲಿ, ಅಂದರೆ ಶಿಂಟೋ ಗುಡಿಯಲ್ಲಿ, ಅಂಥದೊಂದು ಆಚರಣೆಯಲ್ಲಿ ಪಾಲ್ಗೊಂಡು ಬಂದೆನಾದ್ದರಿಂದ ಕಂಡದ್ದನ್ನೇ ಬರೆಯುತ್ತೇನೆ.

ಅದರ ಹೆಸರು ಓಹರಾಯೆ, ಮಹಾಶುದ್ಧಿ. ಜೂನ್ ಮತ್ತು ಡಿಸೆಂಬರ್ ತಿಂಗಳ ಕೊನೆಯ ದಿನ, ಅಲ್ಲಿಯವರೆಗಿನ ಆರು ತಿಂಗಳಲ್ಲಿ ಮೈಗೂ ಮನಸ್ಸಿಗೂ ಅಂಟಿದ ಕೊಳೆಯನ್ನು ಊರವರೆಲ್ಲ ಒಟ್ಟಾಗಿ ಕಳೆದುಕೊಳ್ಳುವ ಕ್ರಮವಿದು. 701ರ ತೈಹೋ ಎಂಬ ಕಾನೂನು ಸಂಹಿತೆಯ ಕಾಲಕ್ಕಾಗಲೇ ಇದು ಆಸ್ಥಾನದ ಕರ್ತವ್ಯವಾಗಿತ್ತು. ಜೂನ್ ತಿಂಗಳಿನದನ್ನು ನಗೋಶಿ, ಅಂದರೆ ಬೇಸಿಗೆಯನ್ನು ದಾಟಿಸುವುದು, ಎನ್ನುತ್ತಾರೆ. 1873ರಲ್ಲಿ ಜಪಾನ್ ಹಳೆಯ ಪಂಚಾಂಗವನ್ನು ಬಿಟ್ಟು ಹೊಸ ಕ್ಯಾಲೆಂಡರಿಗೆ ಬಂದ ಮೇಲೆ ಈ ದಿನವು ಬೇಸಿಗೆಯ ಕೊನೆಯಿಂದ ಜಾರಿ ನಡುಮಳೆಗಾಲಕ್ಕೆ ಬಂದು ಬಿದ್ದಿದೆ. ಹಾಗಾಗಿ ನಾವು ಬೇಸಿಗೆಯನ್ನು ದಾಟಿದ್ದು ಕೊಡೆ ಹಿಡಿದುಕೊಂಡು.

ಬಾಗಿಲಲ್ಲಿ ಮೇಜು ಹಾಕಿಕೊಂಡು ಕುಳಿತಿದ್ದ ವಯಸ್ಸಾದ ಹೆಂಗಸೊಬ್ಬರು ಅಂಗೈಯಗಲದ ಬಿಳಿ ಕಾಗದವೊಂದನ್ನು ಕೊಟ್ಟರು. ಮನುಷ್ಯಾಕಾರಕ್ಕೆ ಕತ್ತರಿಸಿದ ಅದರ ಮೇಲೆ ಹೆಸರು, ವಯಸ್ಸು ಬರೆದು, ಅದರಿಂದ ಮೈಯನ್ನು ಒರೆಸಿಕೊಂಡು, ಮೂರು ಸಲ ಉಸಿರು ಊದಿ ಪೆಟ್ಟಿಗೆಗೆ ಹಾಕಬೇಕು. ನಾನು ಹೆಸರನ್ನು ಕನ್ನಡದಲ್ಲೇ ಬರೆದೆ. ಆಕೆ ಅದಕ್ಕೇನೂ ಹೇಳಲಿಲ್ಲ. ಆದರೆ ಮುಂದೆ 40 ಎಂದಿದ್ದುದನ್ನು ನೋಡಿ, ಹುಟ್ಟಿದ ವರ್ಷ ಯಾವುದೆಂದು ಕೇಳಿ, ಪೆನ್ನು ತೆಗೆದುಕೊಂಡು 42 ಎಂದು ತಿದ್ದಿದರು. ಹಳೆಯ ಎಣಿಕೆಯಲ್ಲಿ ಹುಟ್ಟಿದ ಕೂಡಲೇ ಒಂದು ವರ್ಷ, ಆಮೇಲೆ ಪ್ರತಿ ಹೊಸ ವರ್ಷಕ್ಕೆ ಒಂದೊಂದು. ಅಕ್ಟೋಬರಿನಲ್ಲಿ ಹುಟ್ಟಿದ ನನಗೆ ಹೀಗೆ ಎರಡು ವರ್ಷ ಹೆಚ್ಚಾಯಿತು. ಗಂಡಸರಿಗೆ 42 ಎಂದರೆ ಯಕುದೋಶಿ, ಗಂಡಾಂತರದ ವರ್ಷ. ಆಕೆ ಲೊಚಗುಟ್ಟಿ, ಇನ್ನೂ ಚೆನ್ನಾಗಿ ಒರೆಸಿಕೊಳ್ಳುವಂತೆ ಸನ್ನೆ ಮಾಡಿದರು. ನನ್ನ ಧರ್ಮ ಯಾವುದೆಂಬ ಪ್ರಶ್ನೆ ಕೊನೆಯವರೆಗೂ ಬರಲಿಲ್ಲ. ಕೊಟ್ಟ ಕಾಣಿಕೆಗೆ ಹತ್ಸುಹೋರ್ಯೋ ಎನ್ನುತ್ತಾರೆ, ಹೊಸ ಬೆಳೆಯ ಮೊದಲ ತೆನೆ ಎಂಬರ್ಥದ ಮಾತು. ಲಕೋಟೆಯೊಳಗೆ ಇರುವುದು ಮಾತ್ರ ನೋಟು.

ಆಮೇಲೆ ಅರ್ಚಕರು ಓಹರಾಯೆಯ ಮಂತ್ರಪಾಠವನ್ನು ಓದಿದರು. ಇದರ ಹಳೆಯ ರೂಪವು 927ರಲ್ಲಿ ಪೂರ್ಣಗೊಂಡ ಎಂಗಿಶಿಕಿ ಎಂಬ ವಿಧಿಗ್ರಂಥದ ಎಂಟನೆಯ ಸಂಪುಟದಲ್ಲಿದೆ. ಅಲ್ಲಿ ಪಾಪಗಳ ಪಟ್ಟಿಯೊಂದಿದ್ದು, ಅದು ಶುರುವಾಗುವುದೇ ಗದ್ದೆಯ ಬದು ಒಡೆಯುವುದು, ನೀರಿನ ಕಾಲುವೆ ಮುಚ್ಚುವುದು, ಒಬ್ಬರು ಬಿತ್ತಿದ ಮೇಲೆ ಮತ್ತೆ ಬಿತ್ತುವುದು ಇಂಥವುಗಳಿಂದ. ಬದುವಿನ ಜಗಳದಲ್ಲೇ ಎರಡು ತಲೆಮಾರು ಕಳೆದ ನಿಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂದು ಓದುವ ಪಾಠದಲ್ಲಿ ಆ ಪಟ್ಟಿಯನ್ನು ಕೈಬಿಟ್ಟಿರುವುದು ನನಗಂತೂ ನಷ್ಟವೆಂದೇ ತೋರುತ್ತದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಪಾಠದ ಕೊನೆಯ ಭಾಗ. ಬೆಟ್ಟದಿಂದ ಧುಮುಕುವ ಹೊಳೆಯಲ್ಲಿರುವ ಸೆಓರಿತ್ಸುಹಿಮೆ ಎಂಬ ದೇವತೆ ಪಾಪಗಳನ್ನು ಕಡಲಿಗೆ ಒಯ್ಯುತ್ತಾಳೆ; ನೂರಾರು ಪ್ರವಾಹಗಳು ಕೂಡುವಲ್ಲಿ ಹಯಾಕಿತ್ಸುಹಿಮೆ ಅವನ್ನು ಗಟಗಟನೆ ನುಂಗುತ್ತಾಳೆ; ಇಬುಕಿದೊನುಶಿ ಎಂಬ ಮೂರನೆಯ ದೇವತೆ ಉಸಿರಿನಿಂದ ಊದಿ ಪಾತಾಳಕ್ಕೆ ತಳ್ಳುತ್ತದೆ; ಅಲ್ಲಿ ಹಯಸಸುರಹಿಮೆ ಅವನ್ನು ಹೊತ್ತು ಅಲೆಯುತ್ತ ಅಲೆಯುತ್ತ ಎಲ್ಲೋ ಕಳೆದುಬಿಡುತ್ತಾಳೆ. ಕ್ಷಮೆಯ ಮಾತಾಗಲಿ, ಶಿಕ್ಷೆಯ ಮಾತಾಗಲಿ ಇಲ್ಲ. ಲೆಕ್ಕದ ಪುಸ್ತಕವೇ ಕಳೆದುಹೋಯಿತು ಎಂದ ಹಾಗೆ. ಯಾರ ಪಾಪ ಎಷ್ಟು ಎಂಬ ವಿಚಾರಣೆಯೇ ಇಲ್ಲದ ಮೇಲೆ ನಿಂತವರು ಊರವರೋ ಪರದೇಶಿಗಳೋ ಎಂದು ಕೇಳುವ ಅಗತ್ಯವೂ ಬೀಳುವುದಿಲ್ಲ.

ಕೊನೆಗೆ ಚಿನೋವಾ, ಹುಲ್ಲಿನ ಬಳೆ. ದರ್ಭೆಯಂತೆ ಕಾಣುವ ಚಿಗಯ ಎಂಬ ಹುಲ್ಲನ್ನು ಹೆಣೆದು, ಆಳು ನೆಟ್ಟಗೆ ನಡೆದು ಹೋಗುವಷ್ಟು ದೊಡ್ಡದಾಗಿ ಮಾಡಿ ಅಂಗಳದಲ್ಲಿ ನಿಲ್ಲಿಸಿರುತ್ತಾರೆ. ಒಮ್ಮೆ ದಾಟಿ ಎಡಕ್ಕೆ, ಮತ್ತೆ ದಾಟಿ ಬಲಕ್ಕೆ, ಇನ್ನೊಮ್ಮೆ ಎಡಕ್ಕೆ ಸುತ್ತಬೇಕು. ನಾನು ಮೊದಲ ಸಲವೇ ಬಲಕ್ಕೆ ತಿರುಗಿದೆ. ಹಿಂದಿದ್ದ ಅಜ್ಜನೊಬ್ಬರು ಕೊಡೆಯ ಹಿಡಿಯಿಂದ ನನ್ನ ತೋಳನ್ನು ಕೊಕ್ಕೆ ಹಾಕಿ ಎಡಕ್ಕೆ ಎಳೆದರು. ಹುಲ್ಲು ನೆನೆದು, ಆಗ ತಾನೇ ಕೊಯ್ದ ಮೇವಿನ ವಾಸನೆ ಬರುತ್ತಿತ್ತು.

ಎಲ್ಲವೂ ಎಲ್ಲರಿಗೂ ತೆರೆದಿದೆ ಎಂದು ಮಾತ್ರ ತಿಳಿಯಬೇಡ. ದೇವರಿರುವ ಒಳಗುಡಿಗೆ ಊರವರಿಗೂ ಪ್ರವೇಶವಿಲ್ಲ. ಇಸೆಯ ಮಹಾಗುಡಿಯಲ್ಲಿ ಜನರು ಬಿಳಿ ಪರದೆಯ ಈಚೆಗೆ ನಿಂತೇ ಕೈ ಮುಗಿದು ಬರುತ್ತಾರೆ. ಇದೇ ಶಿಂಟೋವನ್ನು ಸರ್ಕಾರವು ರಾಜನಿಷ್ಠೆಯ, ಯುದ್ಧದ ಸಾಧನವಾಗಿ ಮಾಡಿಕೊಂಡಿದ್ದ ಕಾಲವೂ ಇತ್ತು. 1945ರ ಡಿಸೆಂಬರಿನಲ್ಲಿ ಆ ನಂಟನ್ನು ಕಡಿದ ಮೇಲೆ ಜಿಂಜಾಗಳು ಬಹುಮಟ್ಟಿಗೆ ಜನರ ಕಾಣಿಕೆಯಿಂದಲೇ ನಡೆಯುತ್ತಿವೆ.

ಮಾರನೆಯ ದಿನ ಕ್ಯೋಟೋದ ಸಹೋದ್ಯೋಗಿಯೊಬ್ಬರು ಮಿನಜುಕಿ ಎಂಬ ಸಿಹಿಯನ್ನು ತಂದಿದ್ದರು. ಅವರ ಊರಿನಲ್ಲಿ ಜೂನ್ 30ಕ್ಕೆ ಅದನ್ನು ತಿನ್ನಲೇಬೇಕಂತೆ. ಅಕ್ಕಿ ಹಿಟ್ಟಿನ ಬಿಳಿಯ ತುಂಡು, ಮೇಲೆ ಬೇಯಿಸಿದ ಕೆಂಪು ಕಾಳು, ಹಿಮದ ಚೂರಿನ ನೆನಪಿಗೆ ಮೂರು ಮೂಲೆ. ಬಾಯಲ್ಲಿಟ್ಟರೆ ನಮ್ಮ ಹಾಲುಬಾಯಿಯಷ್ಟೇ ಮೃದು, ಸಿಹಿ ಮಾತ್ರ ಕಡಿಮೆ.

ಇನ್ನೊಂದು ಓಹರಾಯೆ ಡಿಸೆಂಬರ್ 31ಕ್ಕಿದೆ. ಬರುವುದಾದರೆ ಮೊದಲೇ ತಿಳಿಸು, ಕಾಗದದ ಬೊಂಬೆಯೊಂದನ್ನು ನಿನಗೂ ತೆಗೆದಿಟ್ಟಿರುತ್ತೇನೆ. ನಾವಿಬ್ಬರೂ ಒಂದೇ ವರ್ಷ ಹುಟ್ಟಿದವರು. ನಿನಗೂ ಈಗ 42.

ನಿನ್ನ ಗೆಳೆಯ