ಮಂಗಳವಾರ ಆಡುವ ತಂಡಗಳು

ಪ್ರಿಯ ಗೆಳೆಯಾ,

ಇಲ್ಲಿನ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿಯಲ್ಲಿ ಕೊನೆಯ ತಂಡವನ್ನೂ ಆಡಲು ಬಿಡಬೇಕು ಎಂದು ನಾನು ಹೇಳಿದಾಗ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅವತ್ತು ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಐಪಿಎಲ್‌ನಲ್ಲಿ ಮೊದಲ ನಾಲ್ಕು ತಂಡಗಳಿಗೆ ಮಾತ್ರ ಪ್ಲೇಆಫ್. ಅದೇ ನ್ಯಾಯ ಅಲ್ವಾ, ಇಡೀ ಸೀಸನ್ ಸೋತವರಿಗೆ ಕೊನೆಯಲ್ಲಿ ಇನ್ನೊಂದು ಅವಕಾಶ ಯಾಕೆ ಅಂದೆ ನೀನು. ನಿಧಾನವಾಗಿ ಬರೆದೇ ಹೇಳುತ್ತೇನೆ.

ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಈ ಕಡೆ, ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನ ಕಂಪನಿಗಳ ಕೆಲಸಕ್ಕೆಂದು ಬಂದು ಕ್ಯಾರಿ, ಮಾರಿಸ್‌ವಿಲ್‌ನಲ್ಲಿ ನೆಲೆಸಿದ ಕನ್ನಡಿಗರು ಬಹಳ ಮಂದಿ. ಇಲ್ಲಿ ಪರಿಚಯವಾದ ಸ್ವಲ್ಪ ಹೊತ್ತಿಗೇ ಜನ ಕೇಳುತ್ತಾರೆ, ನೀವು ಯಾವ ಕಾಲೇಜಿನ ಕಡೆ ಅಂತ. ಡ್ಯೂಕ್, ನಾರ್ತ್ ಕ್ಯಾರೊಲೈನಾ, ಎನ್‌ಸಿ ಸ್ಟೇಟ್, ಮೂರೂ ಹತ್ತಿರದಲ್ಲೇ ಇವೆ. ನಾನು ಸ್ಟೇಟ್ ಕಡೆ. ಮೂರೂ ಎಸಿಸಿ ಎಂಬ ಕಾನ್ಫರೆನ್ಸ್‌ಗೆ, ಅಂದರೆ ಕಾಲೇಜು ತಂಡಗಳ ಒಂದು ಲೀಗಿಗೆ, ಸೇರಿದವು. ಸೀಸನ್ನಿನ ಕೊನೆಗೆ ನಡೆಯುವ ಅದರ ಟೂರ್ನಿ ಶುರುವಾದದ್ದು 1954ರಲ್ಲಿ, ರಾಲಿಯ ರೆನಾಲ್ಡ್ಸ್ ಕೊಲಿಸಿಯಂನಲ್ಲಿ. ಆಗ ಎಂಟು ತಂಡ, ಎಂಟೂ ಆಡಿದವು. ಮಾರ್ಚ್‌ನಲ್ಲಿ ಈ ಟೂರ್ನಿ ಬಂತೆಂದರೆ ಇಲ್ಲಿನ ಶಾಲೆಗಳಲ್ಲಿ ಮೇಷ್ಟ್ರುಗಳೇ ಟಿವಿಯನ್ನು ಕ್ಲಾಸಿಗೆ ತಳ್ಳಿಕೊಂಡು ಬರುತ್ತಿದ್ದರು ಎಂದು ಇಲ್ಲಿ ಬೆಳೆದವರು ಈಗಲೂ ಹೇಳುತ್ತಾರೆ.

ನೀನು ಹೇಳಿದ ಅನ್ಯಾಯ ಒಂದು ಕಾಲದಲ್ಲಿ ನಿಜವಾಗಿಯೂ ಇತ್ತು. ಆಗ ಒಂದು ಕಾನ್ಫರೆನ್ಸ್‌ನಿಂದ ಒಂದೇ ತಂಡ ರಾಷ್ಟ್ರೀಯ ಟೂರ್ನಿಗೆ ಹೋಗಬಹುದಿತ್ತು. ಎಸಿಸಿಯಿಂದ ಹೋಗುವುದು ಈ ಟೂರ್ನಿ ಗೆದ್ದವರು ಮಾತ್ರ. 1974ರ ಫೈನಲ್ ಗ್ರೀನ್ಸ್‌ಬರೋದಲ್ಲಿ ನಡೆಯಿತು. ಒಂದು ಕಡೆ ದೇಶದ ನಂಬರ್ ಒನ್ ತಂಡ ಎನ್‌ಸಿ ಸ್ಟೇಟ್, ಇನ್ನೊಂದು ಕಡೆ ನಾಲ್ಕನೇ ಸ್ಥಾನದ ಮೇರಿಲ್ಯಾಂಡ್. ಏಳು ಅಡಿ ಮೀರಿದ ಟಾಮ್ ಬರ್ಲ್‌ಸನ್ ಒಬ್ಬನೇ 38 ಪಾಯಿಂಟ್ ಹೊಡೆದ. ಓವರ್‌ಟೈಮ್‌ಗೆ ಹೋದ ಆಟ 103-100ರಲ್ಲಿ ಮುಗಿಯಿತು. ಮೇರಿಲ್ಯಾಂಡ್ ಮನೆಗೆ ಹೋಯಿತು. ದೇಶದ ನಾಲ್ಕನೇ ತಂಡ ಕಣೋ, ಅದಕ್ಕೇ ರಾಷ್ಟ್ರೀಯ ಟೂರ್ನಿಯಲ್ಲಿ ಜಾಗವಿಲ್ಲ! ಅವರ ಕೋಚ್ ಲೆಫ್ಟಿ ಡ್ರಿಸೆಲ್ ಆಮೇಲೆ ಸ್ಟೇಟ್ ತಂಡದ ಬಸ್ ಹತ್ತಿ ಆಟಗಾರರನ್ನು ಅಭಿನಂದಿಸಿದರು. ಅಷ್ಟು ನೋವಿನಲ್ಲಿ ಆ ಬಸ್ ಹತ್ತಿದ ಮನುಷ್ಯನ ಬಗ್ಗೆ ನನಗೆ ತುಂಬಾ ಗೌರವ. ಸ್ಟೇಟ್ ಆ ವರ್ಷ ರಾಷ್ಟ್ರೀಯ ಚಾಂಪಿಯನ್ ಆಯಿತು.

ಮರುವರ್ಷವೇ, 1975ರಲ್ಲಿ, ರಾಷ್ಟ್ರೀಯ ಟೂರ್ನಿಯನ್ನು 32 ತಂಡಗಳಿಗೆ ಹಿಗ್ಗಿಸಿದರು. ಒಂದು ಕಾನ್ಫರೆನ್ಸ್‌ನಿಂದ ಒಂದಕ್ಕಿಂತ ಹೆಚ್ಚು ತಂಡ ಹೋಗಬಹುದು ಎಂದಾಯಿತು. 2011ರಲ್ಲಿ 68 ತಂಡಗಳಾದವು. ಸೀಸನ್ನಿಡೀ ಚೆನ್ನಾಗಿ ಆಡಿದವರನ್ನು ಸಮಿತಿಯೇ ಆರಿಸುತ್ತದೆ. ಕಾನ್ಫರೆನ್ಸ್ ಟೂರ್ನಿ ಗೆದ್ದವರಿಗೆ ನೇರ ಪ್ರವೇಶ. ಅಂದರೆ ಈಗ ಒಳ್ಳೆಯ ತಂಡಕ್ಕೆ ಇಲ್ಲಿ ಸೋತರೂ ದಾರಿ ಉಂಟು. ಟೂರ್ನಿ ಬಿಟ್ಟರೆ ಬೇರೆ ದಾರಿಯೇ ಇಲ್ಲದವರು ಕೆಳಗಿರುವವರು.

2024ರಲ್ಲಿ ನಮ್ಮ ಸ್ಟೇಟ್ ಹಾಗೇ ಇತ್ತು. 17 ಗೆಲುವು, 14 ಸೋಲು. ಕೊನೆಯ ನಾಲ್ಕು ಪಂದ್ಯ ಸಾಲಾಗಿ ಸೋತು ಹತ್ತನೇ ಶ್ರೇಯಾಂಕದಲ್ಲಿ, ಟೂರ್ನಿ ನಡೆಯುತ್ತಿದ್ದ ವಾಷಿಂಗ್ಟನ್‌ಗೆ ಹೋಯಿತು. ಟೂರ್ನಿ ಗೆಲ್ಲಬೇಕೆಂದರೆ ಐದು ದಿನದಲ್ಲಿ ಐದು ಪಂದ್ಯ ಗೆಲ್ಲಬೇಕು. ಮಂಗಳವಾರ ಲೂಯಿವಿಲ್, ಬುಧವಾರ ಸಿರಾಕ್ಯೂಸ್, ಗುರುವಾರ ಡ್ಯೂಕ್. ಡ್ಯೂಕ್ ಸೋತಾಗ ನಮ್ಮ ಮನೆಯಲ್ಲಿ ಎಲ್ಲರೂ ಎದ್ದು ನಿಂತಿದ್ದೆವು.

ಶುಕ್ರವಾರದ್ದು ವರ್ಜೀನಿಯಾ ವಿರುದ್ಧದ ಸೆಮಿಫೈನಲ್. ಐದು ಸೆಕೆಂಡ್ ಉಳಿದಿದೆ, ನಾವು ಮೂರು ಪಾಯಿಂಟ್ ಹಿಂದೆ. ವರ್ಜೀನಿಯಾದವನ ಕೈಯಲ್ಲಿ ಫ್ರೀ ಥ್ರೋ, ಯಾರೂ ಅಡ್ಡ ಬಾರದ ಎಸೆತ. ಅದು ಬಿದ್ದರೆ ಕಥೆ ಮುಗಿದ ಹಾಗೇ. ಬೀಳಲಿಲ್ಲ. ಮೈಕೆಲ್ ಓಕಾನಲ್ ಚೆಂಡು ಹಿಡಿದು ಓಡಿ ದೂರದಿಂದಲೇ ಎಸೆದ. ಬೋರ್ಡಿಗೆ ಬಡಿದು ಒಳಗೆ ಬಿತ್ತು, ಮೂರು ಪಾಯಿಂಟ್, ಸಮ. ಓವರ್‌ಟೈಮ್‌ನಲ್ಲಿ 73-65. ಶನಿವಾರ ಲೀಗಿನಲ್ಲಿ ಮೊದಲ ಸ್ಥಾನ ಪಡೆದಿದ್ದ ನಾರ್ತ್ ಕ್ಯಾರೊಲೈನಾವನ್ನೇ 84-76ರಲ್ಲಿ ಸೋಲಿಸಿದರು. 1987ರ ನಂತರ ಮೊದಲ ಸಲ! ಡಿ.ಜೆ. ಬರ್ನ್ಸ್ ಎಂಬ ಭಾರೀ ಮೈಕಟ್ಟಿನ ಎಡಗೈ ಹುಡುಗ ಐದೂ ದಿನ ನಗುನಗುತ್ತಲೇ ಆಡಿದ. ದಣಿವು ಅವನ ಹತ್ತಿರ ಸುಳಿಯಲಿಲ್ಲವೇನೋ. ಟೂರ್ನಿಯ ಶ್ರೇಷ್ಠ ಆಟಗಾರ ಅವನೇ. ಆಮೇಲೆ ರಾಷ್ಟ್ರೀಯ ಟೂರ್ನಿಯಲ್ಲೂ ನಾಲ್ಕು ಪಂದ್ಯ ಗೆದ್ದು ಫೈನಲ್ ಫೋರ್, ಅಂದರೆ ಸೆಮಿಫೈನಲ್, ತಲುಪಿದರು. ಅಲ್ಲಿ ಪರ್ಡ್ಯೂ ತಡೆಯಿತು.

ಆ ಮಂಗಳವಾರ ಅವರನ್ನು ಒಳಗೇ ಬಿಡದಿದ್ದರೆ ಇದೊಂದೂ ಇರುತ್ತಿರಲಿಲ್ಲ.

ಅದೇ ವರ್ಷ ಸ್ಟ್ಯಾನ್‌ಫರ್ಡ್, ಕ್ಯಾಲಿಫೋರ್ನಿಯಾ, ಎಸ್‌ಎಂಯು ಸೇರಿ ಎಸಿಸಿಯಲ್ಲಿ 18 ತಂಡಗಳಾದವು. 2025ರ ಟೂರ್ನಿಗೆ ಮೊದಲ 15 ತಂಡ ಸಾಕು ಎಂದರು. ಹೊರಗುಳಿದ ಮೂರರಲ್ಲಿ ಒಂದು ಎನ್‌ಸಿ ಸ್ಟೇಟ್! ಹಿಂದಿನ ವರ್ಷದ ಚಾಂಪಿಯನ್, ಟೂರ್ನಿ ನಡೆದ ಶಾರ್ಲೆಟ್‌ಗೆ ಹೋಗಲೇ ಇಲ್ಲ. ಅವರು ಆ ವರ್ಷ ಕೆಟ್ಟದಾಗಿ ಆಡಿದ್ದರು, ನಿಜ. ಹೋಗಿದ್ದರೂ ಮೊದಲ ದಿನವೇ ಸೋಲುತ್ತಿದ್ದರೇನೋ. ಆದರೆ ಸೋಲಬೇಕಾದದ್ದು ಅಂಗಳದಲ್ಲಿ. ಇದು ನನ್ನ ತಂಡ ಅಂತ ಹೇಳುತ್ತಿಲ್ಲ. ಅವತ್ತು ಹೊರಗುಳಿದ ಬಾಸ್ಟನ್ ಕಾಲೇಜ್, ಮಯಾಮಿ ಹುಡುಗರಿಗೂ ಇದೇ ಮಾತು. ನಾಲ್ಕು ವರ್ಷ ಆಡಿದ ಹುಡುಗನಿಗೆ ಕೊನೆಯ ಮಾರ್ಚ್‌ನಲ್ಲಿ ಒಂದು ಪಂದ್ಯವೂ ಇಲ್ಲ ಅಂದರೆ ಹೇಗೆ? ಒಂದು ದಿನ ಜಾಸ್ತಿ ಬೇಕಾಗಬಹುದು, ಅಷ್ಟೇ ತಾನೆ. ಬಿಗ್ ಟೆನ್ ಎಂಬ ಇನ್ನೊಂದು ಕಾನ್ಫರೆನ್ಸ್‌ನವರು 2025ರಲ್ಲಿ ಮೂರು ತಂಡಗಳನ್ನು ಹೊರಗಿಟ್ಟಿದ್ದರು. 2026ಕ್ಕೆ 18 ತಂಡಗಳನ್ನೂ ಕರೆಯುತ್ತೇವೆ ಎಂದು ತೀರ್ಮಾನ ಬದಲಿಸಿದರು. ಎಸಿಸಿಯೂ ಹಾಗೆ ಮಾಡಲಿ ಎಂಬುದು ನನ್ನ ಆಸೆ.

ಮುಂದಿನ ಮಾರ್ಚ್‌ನಲ್ಲಿ ನೀನೂ ನೋಡು. ಫೈನಲ್‌ಗಾಗಿ ಕಾಯಬೇಡ. ಮಂಗಳವಾರ ಮಧ್ಯಾಹ್ನದ ಆಟ ನಿನಗೆ ಮಲಗುವ ಹೊತ್ತಿಗೆ ಶುರುವಾಗುತ್ತದೆ. ಅರ್ಧಕ್ಕರ್ಧ ಖಾಲಿ ಕುರ್ಚಿ, ಹತ್ತರಿಂದ ಕೆಳಗಿನ ತಂಡಗಳು. ನೋಡಿ ನನಗೆ ಫೋನ್ ಮಾಡು.

ಇಂತಿ ನಿನ್ನ,
ಕ್ಯಾರಿಯ ಗೆಳೆಯ