ನಮ್ಮ ರಬ್ಬರ್ ಭೂತವನ್ನು ನಮಗೆ ತೋರಿಸಿ

ಇವರಿಗೆ,
ವ್ಯವಸ್ಥಾಪಕರು, ಪ್ರೇಕ್ಷಕರ ದೂರು ವಿಭಾಗ,
2011ರ 'ದಿ ಥಿಂಗ್' ಚಿತ್ರವನ್ನು ನಿರ್ಮಿಸಿದ ಸ್ಟುಡಿಯೊ

ಇಂದ,
ಮೈಸೂರಿನ ಒಬ್ಬ ಪ್ರೇಕ್ಷಕ

ವಿಷಯ: ಸದರಿ ಚಿತ್ರದಲ್ಲಿ ಕೈಯಿಂದ ಮಾಡಿದ ಭೂತಗಳನ್ನು ಕಂಪ್ಯೂಟರ್ ಚಿತ್ರಗಳಿಂದ ಮುಚ್ಚಿರುವ ಕುರಿತು ದೂರು, ಹಾಗೂ ಮೊದಲು ಚಿತ್ರೀಕರಿಸಿದ ರೂಪವನ್ನು ಬಿಡುಗಡೆ ಮಾಡಲು ಕೋರಿಕೆ.

ಮಾನ್ಯರೇ,

ಸಿನಿಮಾ ಚೆನ್ನಾಗಿಲ್ಲ ಎಂಬ ಕಾರಣಕ್ಕೆ ಪತ್ರ ಬರೆಯುವ ಜಾಯಮಾನ ನನ್ನದಲ್ಲ. ಚೆನ್ನಾಗಿಲ್ಲದ ಸಿನಿಮಾಗಳು ಪ್ರತಿ ಶುಕ್ರವಾರ ಬರುತ್ತವೆ, ಮುಂದಿನ ಶುಕ್ರವಾರದೊಳಗೆ ಮರೆತುಹೋಗುತ್ತವೆ. ನನ್ನ ತಕರಾರು ಬೇರೆ. ಒಂದು ಒಳ್ಳೆಯ ಭಯಾನಕ ಚಿತ್ರಕ್ಕೆ ಬೇಕಾದದ್ದೆಲ್ಲ ನಿಮ್ಮ ಬಳಿ ಇತ್ತು. ಅದನ್ನು ಮಾಡಬಲ್ಲ ಜನ ಇದ್ದರು, ಅವರು ಮಾಡಿಯೂ ಕೊಟ್ಟರು, ಕ್ಯಾಮೆರಾದ ಮುಂದೆ ಅದು ಕುಣಿದೂ ಆಯಿತು. ಆಮೇಲೆ ನೀವೇ ಅದರ ಮೇಲೆ ಕಂಪ್ಯೂಟರಿನ ಬಣ್ಣ ಬಳಿದು ನಮಗೆ ತೋರಿಸಿದಿರಿ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವರ ಕಥೆ ಕೇಳಿದ್ದೆ. ಆ ಬೆಣ್ಣೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಾರಿದವರನ್ನು ನೋಡಿದ್ದು ಇದೇ ಮೊದಲು.

ಇಷ್ಟು ವರ್ಷಗಳ ಮೇಲೆ ಈಗೇಕೆ ದೂರು ಎಂದು ನೀವು ಕೇಳಬಹುದು. ಇತ್ತೀಚೆಗೆ ಎರಡೂ ಚಿತ್ರಗಳನ್ನು ಮತ್ತೆ ಹಣ ಕೊಟ್ಟು ಬಾಡಿಗೆಗೆ ಪಡೆದು, ಕಥೆಯ ಅನುಕ್ರಮದಲ್ಲಿ, ಅಂದರೆ ನಿಮ್ಮದನ್ನು ಮೊದಲು ಮತ್ತು ಜಾನ್ ಕಾರ್ಪೆಂಟರ್ ನಿರ್ದೇಶಿಸಿದ ಅದೇ ಹೆಸರಿನ 1982ರ ಚಿತ್ರವನ್ನು ಆಮೇಲೆ ನೋಡಿದೆ. ಹಾಗೆ ನೋಡಿದರೆ ಎರಡೂ ಸೇರಿ ಒಂದೇ ಸಿನಿಮಾ ಆಗಬೇಕು ಎಂಬುದು ನಿಮ್ಮ ಉದ್ದೇಶವೇ ಆಗಿತ್ತಲ್ಲವೇ? 29 ವರ್ಷ ಹೆಚ್ಚು ಹಳೆಯದಾದ ಚಿತ್ರ ತಾಜಾ ಕಾಣಿಸಿತು, ಹೊಸದು ಹಳಸಿದಂತೆ ಕಾಣಿಸಿತು. ಕೋಪ ಬಂದದ್ದು ಆಗ.

ಈ ಪತ್ರವನ್ನು ತೆರೆಯುವ ಸಿಬ್ಬಂದಿ ಹೊಸಬರಾಗಿದ್ದರೆ ಅವರಿಗಾಗಿ ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಅಂಟಾರ್ಕ್ಟಿಕದ ಹಿಮದಡಿ ಬಹುಕಾಲ ಹೆಪ್ಪುಗಟ್ಟಿದ್ದ ಪರಗ್ರಹ ಜೀವಿಯೊಂದು ಎಚ್ಚರಗೊಳ್ಳುತ್ತದೆ. ಯಾವ ಪ್ರಾಣಿಯನ್ನು ನುಂಗುತ್ತದೋ ಅದರ ರೂಪವನ್ನೇ ತಾಳುತ್ತದೆ. ನಾಯಿಯಾದರೆ ನಾಯಿ, ಸಹೋದ್ಯೋಗಿಯಾದರೆ ಸಹೋದ್ಯೋಗಿ. ಇದಕ್ಕೆ ಮೂಲ ಜಾನ್ ಡಬ್ಲ್ಯು. ಕ್ಯಾಂಪ್‌ಬೆಲ್ 1938ರಲ್ಲಿ ಬರೆದ ಒಂದು ನೀಳ್ಗತೆ. ಕಾರ್ಪೆಂಟರ್ ಚಿತ್ರ ಅಮೆರಿಕನ್ನರ ಶಿಬಿರದಲ್ಲಿ ನಡೆಯುತ್ತದೆ. ಅದಕ್ಕೂ ಮೊದಲು ಅದೇ ಜೀವಿ ಪಕ್ಕದ ನಾರ್ವೆ ಶಿಬಿರವನ್ನು ಸುಟ್ಟು ಬೂದಿ ಮಾಡಿಸಿರುತ್ತದೆ. ಅಲ್ಲಿ ಏನಾಯಿತು ಎಂಬುದೇ ನಿಮ್ಮ ಪೂರ್ವಕಥೆ.

1982ರ ಚಿತ್ರ ತೆರೆಗೆ ಬಂದಾಗ ಅದನ್ನು ಕೇಳುವವರಿರಲಿಲ್ಲ ಎಂಬುದೂ ನಿಮಗೆ ಗೊತ್ತು. ಎರಡು ವಾರ ಮೊದಲಷ್ಟೇ ಬಂದ 'ಇ.ಟಿ.' ಚಿತ್ರದಲ್ಲಿ ಮನೆಗೆ ಹೋಗಬೇಕೆಂದು ಹಂಬಲಿಸುವ ಮುದ್ದು ಅನ್ಯಗ್ರಹವಾಸಿಯೊಬ್ಬ ಜಗತ್ತನ್ನೆಲ್ಲ ಅಳಿಸುತ್ತಿದ್ದ; ಕರುಳು ಕಿತ್ತುಕೊಂಡು ಬರುವ ಇನ್ನೊಬ್ಬ ಯಾರಿಗೆ ಬೇಕಿತ್ತು? ವಿಮರ್ಶಕರು ಹಿಗ್ಗಾಮುಗ್ಗಾ ಬೈದರು. ಆದರೂ ವಿಡಿಯೊ ಕ್ಯಾಸೆಟ್ಟಿನ ಕಾಲದಲ್ಲಿ, ಆಮೇಲೆ ಟಿವಿಯಲ್ಲಿ ಅದು ನಿಧಾನವಾಗಿ ತನ್ನ ಜನರನ್ನು ಹುಡುಕಿಕೊಂಡಿತು. ಹಾಗೆ ಹುಡುಕಿಕೊಂಡದ್ದು ರಾಬ್ ಬಾಟೀನ್ ಎಂಬ ಇಪ್ಪತ್ತೆರಡರ ಆಸುಪಾಸಿನ ಹುಡುಗ ಮಾಡಿದ ಭೂತಗಳ ಬಲದಿಂದ. ಆ ಕೆಲಸ ಮುಗಿಸುವ ಹೊತ್ತಿಗೆ ಆತ ಬಳಲಿಕೆಯಿಂದ ಆಸ್ಪತ್ರೆ ಸೇರಿದ್ದ.

ಒಂದೇ ದೃಶ್ಯ ತೆಗೆದುಕೊಳ್ಳಿ. ಅಮೆರಿಕನ್ ಶಿಬಿರದ ನಾರಿಸ್‌ಗೆ ಹೃದಯಾಘಾತವಾಗಿದೆ ಎಂದುಕೊಂಡು ವೈದ್ಯ ಅವನ ಎದೆಗೆ ವಿದ್ಯುತ್ ಆಘಾತ ಕೊಡಲು ಬಾಗುತ್ತಾನೆ. ಎದೆ ಬಾಯಿಯಂತೆ ತೆರೆದುಕೊಂಡು ವೈದ್ಯನ ಎರಡೂ ಕೈಗಳನ್ನು ಮೊಣಕೈವರೆಗೆ ಕಚ್ಚಿ ತುಂಡರಿಸುತ್ತದೆ. ಅದಕ್ಕಾಗಿ ನಿಜವಾಗಿಯೂ ಎರಡು ಕೈಗಳಿಲ್ಲದ ವ್ಯಕ್ತಿಯೊಬ್ಬನಿಗೆ ಕೃತಕ ಕೈಗಳನ್ನು ಜೋಡಿಸಿ ಚಿತ್ರೀಕರಿಸಿದ್ದರು. ಆಮೇಲೆ ನಾರಿಸ್‌ನ ತಲೆ ಮೇಜಿನ ಅಂಚಿನಲ್ಲಿ ಕತ್ತಿನಿಂದ ಎಳೆಎಳೆಯಾಗಿ ಬೇರ್ಪಟ್ಟು ನೆಲಕ್ಕೆ ಜಾರುತ್ತದೆ, ನಾಲಿಗೆಯನ್ನು ಕುರ್ಚಿಯ ಕಾಲಿಗೆ ಸುತ್ತಿ ತನ್ನನ್ನು ಎಳೆದುಕೊಳ್ಳುತ್ತದೆ, ತಲೆಕೆಳಗಾಗಿ ಜೇಡದ ಕಾಲು ಮೂಡಿಸಿಕೊಂಡು ಬಾಗಿಲಿನತ್ತ ನಡೆಯುತ್ತದೆ. ಆ ಕತ್ತಿನ ಎಳೆಗಳಿಗೆ ಕರಗಿಸಿದ ಪ್ಲಾಸ್ಟಿಕ್, ಬಬಲ್ ಗಮ್ ಬಳಸಿದ್ದರಂತೆ. ಅದರ ಆವಿಗೆ ಬೆಂಕಿ ತಗುಲಿ ಗೊಂಬೆ ಒಮ್ಮೆ ಹೊತ್ತಿಕೊಂಡದ್ದೂ ಉಂಟು. ಇದೆಲ್ಲ ರಬ್ಬರ್ ಎಂದು ನೋಡುವವನಿಗೆ ಗೊತ್ತಿರುತ್ತದೆ. ಗೊತ್ತಿದ್ದೂ ಹೊಟ್ಟೆ ತೊಳಸುತ್ತದೆ, ಏಕೆಂದರೆ ಆ ವಸ್ತು ಆ ಕೋಣೆಯಲ್ಲಿ ನಿಜವಾಗಿ ಇದೆ. ಅದರ ಲೋಳೆಯ ಮೇಲೆ ಆ ಕೋಣೆಯ ದೀಪವೇ ಹೊಳೆಯುತ್ತಿದೆ, ಎದುರು ನಿಂತ ನಟರು ಅದನ್ನೇ ನೋಡಿ ಹೆದರುತ್ತಿದ್ದಾರೆ.

ಇದು ನಿಮಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅಲೆಕ್ ಗಿಲ್ಲಿಸ್ ಮತ್ತು ಟಾಮ್ ವುಡ್‌ರಫ್ ಅವರ ತಂಡಕ್ಕೆ ಭೂತಗಳನ್ನು ಕೈಯಿಂದ ಮಾಡುವ ಕೆಲಸ ಒಪ್ಪಿಸಿದಿರಿ. ಅವರು ಏನೇನು ಮಾಡಿದ್ದರು ಎಂಬುದನ್ನು ಅವರೇ ಚಿತ್ರ ಬಿಡುಗಡೆಯಾದ ಮೇಲೆ ಅಂತರ್ಜಾಲಕ್ಕೆ ಹಾಕಿದ ವಿಡಿಯೊದಲ್ಲಿ ಎಲ್ಲರೂ ನೋಡಿದ್ದಾರೆ. ನಿಮ್ಮ ಚಿತ್ರದ ಪಾತ್ರಗಳಾದ ಎಡ್ವರ್ಡ್‌ನ ಮುಖ ಆಡಮ್‌ನ ಮುಖದೊಳಕ್ಕೆ ಕರಗಿ, ಎರಡು ಬಾಯಿಗಳ ನಡುವೆ ಚರ್ಮ ಜಗ್ಗಿ, ಒಂದೇ ದೇಹವಾಗಿ ನಿಲ್ಲುವ ಆ ಜೋಡಿಮುಖದ ಗೊಂಬೆಯನ್ನು ಅದರಲ್ಲಿ ನೋಡಿದಾಗ ನಾನು ವಿಡಿಯೊ ನಿಲ್ಲಿಸಿ ಎರಡು ಸಲ ಹಿಂದಕ್ಕೆ ಹೋದೆ. ಕೇಬಲ್ ಎಳೆಯುವವರು ಚೌಕಟ್ಟಿನಲ್ಲೇ ಕಾಣಿಸುತ್ತಿದ್ದರು, ಮೇಲೆ ಸ್ಟುಡಿಯೊದ ಬಿಳಿ ದೀಪ ಉರಿಯುತ್ತಿತ್ತು, ಹಿನ್ನೆಲೆ ಸಂಗೀತವಂತೂ ಇರಲೇ ಇಲ್ಲ. ಆದರೂ ಅದು ನಿಮ್ಮ ಸಿದ್ಧಚಿತ್ರದ ಭೂತಕ್ಕಿಂತ ಹೆಚ್ಚು ಹೆದರಿಸಿತು. ಸಿದ್ಧಚಿತ್ರದಲ್ಲಿ ಅದೇ ಜೀವಿ ನೆಲಕ್ಕೆ ತೂಕವೇ ಹಾಕದಂತೆ ಓಡಾಡುತ್ತದೆ. ಮೈಮೇಲಿನ ಹೊಳಪು ಕೋಣೆಯ ಬೆಳಕಿಗೆ ಸೇರುವುದಿಲ್ಲ. ಎಲ್ಲವನ್ನೂ ಸ್ಪಷ್ಟವಾಗಿ, ಸಾವಕಾಶವಾಗಿ, ಪೂರ್ತಿಯಾಗಿ ತೋರಿಸುತ್ತೀರಿ, ಹಾಗಾಗಿ ಏನನ್ನೂ ಊಹಿಸುವ ಕಷ್ಟ ಉಳಿಯುವುದಿಲ್ಲ. ಹಳೆಯ ಚಿತ್ರದ ಛಾಯಾಗ್ರಾಹಕ ಡೀನ್ ಕಂಡಿ ಅರ್ಧ ತೋರಿಸಿ ಅರ್ಧ ಕತ್ತಲಿಗೆ ಬಿಟ್ಟದ್ದು ದೀಪದ ಕೊರತೆಯಿಂದಲ್ಲ.

ಈ ಬದಲಾವಣೆಯ ನಿರ್ಧಾರ ಯಾರದ್ದು, ಯಾವ ಸಭೆಯಲ್ಲಾಯಿತು ಎಂದು ಕೆದಕುವುದು ನನ್ನ ಕೆಲಸವಲ್ಲ. ನಿರ್ದೇಶಕ ಮ್ಯಾಥೈಸ್ ವಾನ್ ಹೈನಿಂಗನ್ ಅವರಿಗೆ ಅದು ಮೊದಲ ಚಿತ್ರ. ಮೊದಲ ಚಿತ್ರ ಮಾಡುವವನ ಮಾತು ಎಷ್ಟು ನಡೆಯುತ್ತದೆ ಎಂಬುದು ಗಾಂಧಿನಗರದಲ್ಲಿ ಒಂದು ಸುತ್ತು ಹಾಕಿ ಬಂದವರಿಗೆಲ್ಲ ಗೊತ್ತಿದೆ, ಹಾಲಿವುಡ್ ಬೇರೆಯಿರಲಾರದು. ಗಿಲ್ಲಿಸ್ ಮುಂದೆ ಅಭಿಮಾನಿಗಳಿಂದಲೇ ಮೂರೂವರೆ ಲಕ್ಷ ಡಾಲರಿಗೂ ಮಿಕ್ಕಿ ಚಂದಾ ಎತ್ತಿ, ಗೊಂಬೆಗಳಿಂದಲೇ ಭೂತ ಸೃಷ್ಟಿಸಿದ ಸಣ್ಣ ಚಿತ್ರವೊಂದನ್ನು 2015ರಲ್ಲಿ ತೆರೆಗೆ ತಂದರು. ಆ ಹಣ ಕೊಟ್ಟವರು ನಿಮ್ಮ ಚಿತ್ರದ ಟಿಕೆಟ್ಟಿಗೂ ಕೊಟ್ಟವರೇ. ಜನರಿಗೆ ಏನು ಬೇಕಿತ್ತು ಎಂಬುದಕ್ಕೆ ಇನ್ನು ಬೇರೆ ಸಮೀಕ್ಷೆ ಮಾಡಿಸಬೇಕೇ?

ಕಥೆಯ ಬಗ್ಗೆಯೂ ಎರಡು ಮಾತು ಹೇಳದಿದ್ದರೆ ದೂರು ಅಪೂರ್ಣವಾಗುತ್ತದೆ. ಇದು ನಾರ್ವೆಯವರ ದುರಂತ. 1982ರ ಚಿತ್ರದ ಮೊದಲ ದೃಶ್ಯದಲ್ಲೇ ನಾರ್ವೆಯವನೊಬ್ಬ ನಾಯಿಯೊಂದನ್ನು ಬೆನ್ನಟ್ಟಿ ಬಂದು, ಅದು ನಾಯಿಯಲ್ಲ, ನಾಯಿಯ ವೇಷದ ಬೇರೇನೋ ಎಂದು ತನ್ನ ಭಾಷೆಯಲ್ಲಿ ಕೂಗಿ ಹೇಳುತ್ತಾನೆ. ಅಮೆರಿಕನ್ನರಿಗೆ ಅದು ತಿಳಿಯುವುದಿಲ್ಲ, ಅವನನ್ನೇ ಗುಂಡಿಟ್ಟು ಕೊಲ್ಲುತ್ತಾರೆ. ಪೂರ್ತಿ ಸಿನಿಮಾದ ಗುಟ್ಟು ಆ ಕೂಗಿನಲ್ಲೇ ಇತ್ತು. (ಈ ಪತ್ರ ಕನ್ನಡದಲ್ಲಿದೆ ಎಂದು ಪಕ್ಕಕ್ಕಿಡುವ ಯೋಚನೆ ನಿಮಗೆ ಬಂದಿದ್ದರೆ, ಆ ಶಿಬಿರಕ್ಕೆ ಆಮೇಲೆ ಏನಾಯಿತು ಎಂಬುದನ್ನು ನೆನೆದು ದಯವಿಟ್ಟು ಯಾರಿಂದಾದರೂ ಓದಿಸಿಕೊಳ್ಳಿ.) ಹಾಗೆ ಕೂಗಿ ಸತ್ತವನ ಕಥೆ ಹೇಳುವ ಅವಕಾಶ ಸಿಕ್ಕಾಗ ನೀವು ಮಾಡಿದ್ದೇನು? ಅಮೆರಿಕದಿಂದ ಒಬ್ಬ ತಜ್ಞೆಯನ್ನೂ ಹೆಲಿಕಾಪ್ಟರ್ ಓಡಿಸುವ ಅಮೆರಿಕನ್ನರನ್ನೂ ಕರೆತಂದು ಮಧ್ಯದಲ್ಲಿ ನಿಲ್ಲಿಸಿದಿರಿ. ಮೇರಿ ಎಲಿಜಬೆತ್ ವಿನ್‌ಸ್ಟೆಡ್ ಅವರ ಅಭಿನಯದಲ್ಲಿ ನನಗೆ ಯಾವ ಕೊರತೆಯೂ ಕಾಣಿಸಲಿಲ್ಲ. ಆದರೆ ನಾರ್ವೆಯಿಂದ ಅಷ್ಟು ಜನ ಒಳ್ಳೆಯ ನಟರನ್ನು ಕರೆತಂದು, ಗಡ್ಡ ಬಿಡಿಸಿ, ಒಂದು ಹಾಡು ಹಾಡಿಸಿ, ಸರದಿಯಲ್ಲಿ ಸಾಯಿಸಿದ್ದು ಅನ್ಯಾಯ. ಗಡ್ಡದ ಹೊರತು ಯಾರು ಯಾರೆಂದು ಗುರುತು ಹತ್ತುವ ಮೊದಲೇ ಅರ್ಧ ಜನ ಹೋಗಿರುತ್ತಾರೆ.

ಇನ್ನೊಂದು. ಆ ಜೀವಿಯ ಭೀಕರತೆ ಇರುವುದು ಅದು ಅಡಗಿಕೊಳ್ಳುವುದರಲ್ಲಿ. ಕಾರ್ಪೆಂಟರ್ ಚಿತ್ರದಲ್ಲಿ ಮೂಲೆಗೆ ಸಿಕ್ಕಿಬಿದ್ದಾಗ ಮಾತ್ರ ಅದು ಮೈ ಬಿಚ್ಚುತ್ತದೆ; ಉಳಿದ ಹೊತ್ತೆಲ್ಲ ನಿಮ್ಮ ಪಕ್ಕದಲ್ಲೇ ಕುಳಿತು ಕಾಫಿ ಕುಡಿಯುತ್ತಿರುತ್ತದೆ. ನಿಮ್ಮದು ಓಣಿ ಓಣಿಯಲ್ಲಿ ಅಟ್ಟಿಸಿಕೊಂಡು ಬರುತ್ತದೆ. ಹೆಲಿಕಾಪ್ಟರ್ ಹಿಂದಿರುಗುವ ಸೂಚನೆ ಸಿಕ್ಕಷ್ಟಕ್ಕೇ ಆಕಾಶದಲ್ಲೇ ರೂಪ ಬದಲಿಸಿ ಎಲ್ಲರನ್ನೂ ಬೀಳಿಸುತ್ತದೆ. ಅಷ್ಟು ಬುದ್ಧಿ ಇಲ್ಲದ ಜೀವಿ ಬಾಹ್ಯಾಕಾಶ ನೌಕೆ ಹತ್ತಿ ಭೂಮಿಗೆ ಬಂದದ್ದಾದರೂ ಹೇಗೆ?

ನ್ಯಾಯ ಹೇಳಬೇಕೆಂದರೆ ಒಳ್ಳೆಯದೂ ಇದೆ. ಹಳೆಯ ಚಿತ್ರದಲ್ಲಿ ಸುಟ್ಟ ಶಿಬಿರದಲ್ಲಿ ಕಾಣಿಸುವ, ಮರದ ಹಲಗೆಗೆ ಕಚ್ಚಿಕೊಂಡು ನಿಂತ ಕೊಡಲಿ ಅಲ್ಲಿಗೆ ಹೇಗೆ ಬಂತು ಎಂಬುದನ್ನು ನಿಮ್ಮ ಕಲಾ ವಿಭಾಗ ನಿಷ್ಠೆಯಿಂದ ಲೆಕ್ಕ ಒಪ್ಪಿಸಿದೆ. ಹಿಮದ ಗೆಡ್ಡೆಯ ಟೊಳ್ಳು, ಕುರ್ಚಿಯಲ್ಲಿ ಹೆಪ್ಪುಗಟ್ಟಿದ ಶವ, ಹೊರಗೆ ಸುಟ್ಟು ಬಿದ್ದ ಜೋಡಿಮುಖ, ಒಂದೊಂದೂ ತನ್ನ ಜಾಗದಲ್ಲಿ ಕುಳಿತಿದೆ. ಹಲ್ಲಿನ ಪರೀಕ್ಷೆಯಂತೂ ಅಪ್ಪಟ ಹೊಸ ಯೋಚನೆ. ಆ ಜೀವಿಗೆ ಲೋಹದಂಥ ನಿರ್ಜೀವ ವಸ್ತುಗಳನ್ನು ನಕಲು ಮಾಡಲು ಬರುವುದಿಲ್ಲ, ಆದ್ದರಿಂದ ಹುಳುಕು ಹಲ್ಲಿಗೆ ತುಂಬಿಸಿದ ಸಿಮೆಂಟು ಬಾಯಲ್ಲಿ ಇದ್ದವನು ಮನುಷ್ಯ. ಎಲ್ಲರೂ ಬಾಯಿ ತೆರೆದು ಟಾರ್ಚಿನ ಬೆಳಕಿಗೆ ಒಡ್ಡಿಕೊಳ್ಳುತ್ತಾರೆ. ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜಿದ ನನ್ನ ಅಜ್ಜನಂಥವರು ಅಲ್ಲಿದ್ದರೆ ಮೊದಲ ಆರೋಪಿ ಅವರೇ. ಆ ಐದು ನಿಮಿಷ ಯಾವ ಭೂತವೂ ಇಲ್ಲ, ಚಿತ್ರದಲ್ಲೇ ಅತ್ಯಂತ ಭಯ ಹುಟ್ಟಿಸುವುದು ಅದೇ. ಕೊನೆಯಲ್ಲಿ ಕಿವಿಯೋಲೆಯ ಸುಳಿವನ್ನು ಹಿಡಿದು ವಿನ್‌ಸ್ಟೆಡ್ ಅವರ ಪಾತ್ರವಾದ ಕೇಟ್, ತನ್ನ ಜೊತೆಗಾರ ಮನುಷ್ಯನಲ್ಲ ಎಂಬ ತೀರ್ಮಾನಕ್ಕೆ ಬರುವುದೂ ಅದೇ ಜಾತಿಯದ್ದು. ಇಂಥದ್ದನ್ನು ಬರೆಯಬಲ್ಲವರು ಚಿತ್ರದ ಉಳಿದ ಭಾಗವನ್ನು ಏಕೆ ಓಟಕ್ಕೆ ಬಿಟ್ಟುಕೊಟ್ಟರು ಎಂಬುದು ಅರ್ಥವಾಗುವುದಿಲ್ಲ.

ನಾಯಿಯ ಬೆನ್ನು ಹತ್ತಿ ಹೆಲಿಕಾಪ್ಟರ್ ಹೊರಡುವ ಕೊಂಡಿಯ ದೃಶ್ಯವನ್ನು, ಎನಿಯೊ ಮೊರಿಕೊನೆಯವರ ಹಳೆಯ ಸಂಗೀತದ ಸಮೇತ, ಕಲಾವಿದರ ಹೆಸರುಗಳ ನಡುವೆ ತೂರಿಸಿದ್ದೀರಿ. ನಮ್ಮ ಕಡೆ ಹೆಸರು ಬರತೊಡಗಿದರೆ ದೀಪ ಹಾಕಿ ಬಾಗಿಲು ತೆರೆಯುತ್ತಾರೆ ಸ್ವಾಮಿ.

ಅಂತ್ಯದ ಬಗ್ಗೆಯೂ ಇದೇ ಗೋಳು. ನೌಕೆಯೊಳಗೆ ಅದರ ಚಾಲಕನಾಗಿದ್ದ ಬೇರೆಯೇ ಒಂದು ಜೀವಿಯ ಗೊಂಬೆಯನ್ನು ಗಿಲ್ಲಿಸ್ ತಂಡ ಮಾಡಿತ್ತು. ಅದನ್ನು ತೆಗೆದುಹಾಕಿ ಅದರ ಜಾಗಕ್ಕೆ ಮಿನುಗುವ ಚೌಕಗಳ ಕಂಬವೊಂದನ್ನು ತಂದಿರಿ. ಅಭಿಮಾನಿಗಳು ಅದನ್ನು 'ಟೆಟ್ರಿಸ್' ಎಂದು ಹಳೆಯ ವಿಡಿಯೊ ಗೇಮಿನ ಹೆಸರಿಟ್ಟು ಕರೆಯುತ್ತಾರೆ, ಸರಿಯಾಗಿಯೇ ಕರೆಯುತ್ತಾರೆ.

ಹಾಗಾದರೆ ನನಗೆ ಬೇಕಾದದ್ದೇನು? ಹಣ ವಾಪಸು ಬೇಡ, ಕ್ಷಮಾಪಣೆಯೂ ಬೇಡ. ಕಂಪ್ಯೂಟರಿನ ಕೈ ತಾಗುವ ಮೊದಲಿನ ದೃಶ್ಯಗಳು ನಿಮ್ಮ ಉಗ್ರಾಣದಲ್ಲಿ ಉಳಿದಿದ್ದರೆ ಅವನ್ನು ಸೇರಿಸಿದ ಒಂದು ಆವೃತ್ತಿಯನ್ನು ಚಾಲಕನ ಅಂತ್ಯದ ಸಮೇತ ಬಿಡುಗಡೆ ಮಾಡಿ. ಕೆಲವು ಕಡೆ ಕೇಬಲ್ ಕಾಣಿಸಿದರೆ ಕಾಣಿಸಲಿ, ರಬ್ಬರ್ ಮಡಚಿದ್ದು ತಿಳಿದರೆ ತಿಳಿಯಲಿ. ಪೂರ್ತಿ ದೃಶ್ಯಗಳೇ ಇಲ್ಲವೆಂದಾದರೆ ಇರುವಷ್ಟನ್ನು ಬಿಡಿಬಿಡಿಯಾಗಿಯಾದರೂ ಅಧಿಕೃತವಾಗಿ ಕೊಡಿ, ಮಾಡಿದವರ ಹೆಸರು ಹಾಕಿ. ಅದರೊಂದಿಗೆ ಒಂದು ಚಿಕ್ಕ ಉಪಕಾರ: ಎರಡೂ ಚಿತ್ರಗಳಿಗೆ ಒಂದೇ ಹೆಸರಿಟ್ಟಿರುವುದರಿಂದ ಪಟ್ಟಿಗಳಲ್ಲಿ ವರ್ಷವನ್ನು ದಪ್ಪಕ್ಷರದಲ್ಲಿ ನಮೂದಿಸುವಂತೆ ವಿತರಕರಿಗೆ ಹೇಳಿ. ನಾನು ವರ್ಷಗಟ್ಟಲೆ ಹೊಗಳಿದ ಚಿತ್ರವನ್ನು ನೋಡುತ್ತೇನೆಂದು ಹೊರಟ ನನ್ನ ಭಾವಮೈದುನ ನಿಮ್ಮದನ್ನು ನೋಡಿ ಮುಗಿಸಿದ. 'ಇದಕ್ಕೇನಾ ಇಷ್ಟು ಮಾತಾಡುತ್ತಿದ್ದೆ?' ಎಂದು ಕೇಳಿದವನು ಇಂದಿಗೂ ನನ್ನ ಶಿಫಾರಸುಗಳನ್ನು ನಂಬುವುದಿಲ್ಲ. ಅವನಿಗೆ 1982ರ ಚಿತ್ರ ತೋರಿಸುವುದು ನನ್ನಿಂದ ಇನ್ನೂ ಆಗಿಲ್ಲ.

'ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು' ಎಂಬ ಸಿದ್ಧ ಉತ್ತರವನ್ನು ದಯವಿಟ್ಟು ಕಳುಹಿಸಬೇಡಿ. ದೃಶ್ಯಗಳು ಇವೆಯೋ ಇಲ್ಲವೋ, ಇದ್ದರೆ ಯಾರ ಸುಪರ್ದಿನಲ್ಲಿವೆ ಎಂಬುದನ್ನು ತಿಳಿಸಿದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಎರಡೂ ಚಿತ್ರಗಳಿಗೆ ಹಣ ಕೊಟ್ಟ ಪ್ರೇಕ್ಷಕ
ಮೈಸೂರು