ಆ ಬಣ್ಣದ ಮೇಲೆ ಕುಂಚ ಇಡಬೇಡ

ವಾಲ್ಥಮ್‌ಸ್ಟೋ, ಲಂಡನ್

ಚಿರಂಜೀವಿ ಅನಿರುದ್ಧನಿಗೆ,

ನಿನ್ನ ಅತ್ತೆಯ ಆಶೀರ್ವಾದಗಳು. ಮೇಘಾಳಿಗೂ ಪುಟ್ಟಿಗೂ ನನ್ನ ಪ್ರೀತಿ ತಿಳಿಸು.

ನೀನು ಕಳಿಸಿದ ಫೋಟೋಗಳನ್ನು ನಿನ್ನೆ ರಾತ್ರಿ ದೊಡ್ಡದು ಮಾಡಿ ಮಾಡಿ ನೋಡಿದೆ. ಸೀಸದ ಹಳೆಯ ಆಟಿಕೆ ಗೊಂಬೆಗಳು, ಹಳದಿ ಕೋಟಿನ ಐದು ಕುದುರೆ ಸವಾರರು. ತಲೆಗೆ ಮುಂಡಾಸು, ಕೈಯಲ್ಲಿ ಭರ್ಜಿ. ಒಬ್ಬನ ತಲೆ ಮುರಿದು ಪಕ್ಕದಲ್ಲಿ ಬಿದ್ದಿದೆ. ಕೆಂಪು ಪೆಟ್ಟಿಗೆಯ ಒಂದು ಮೂಲೆ ಹರಿದಿದೆ. ಲೀಡ್ಸ್‌ನ ಭಾನುವಾರದ ಸಂತೆಯಲ್ಲಿ ನಿನ್ನ ಕಣ್ಣಿಗೆ ಇವರು ಬಿದ್ದರಲ್ಲ, ನನಗೆ ಎಷ್ಟು ಖುಷಿಯಾಯಿತು ಗೊತ್ತಾ? ನಮ್ಮ ಮನೆಯಲ್ಲಿ ಈ ಹುಚ್ಚು ನನಗೊಬ್ಬಳಿಗೇ ಅಂದುಕೊಂಡಿದ್ದೆ.

ಆದರೆ ಫೋಟೋ ಕೆಳಗೆ ನೀನು ಬರೆದ ಎರಡು ಮಾತು ಓದಿ ನಿದ್ದೆ ಬರಲಿಲ್ಲ. ಬಣ್ಣ ಮಾಸಿದೆ, ಹೊಸದಾಗಿ ಬಳಿಯುತ್ತೇನೆ ಅಂದಿದ್ದೀಯ. ಗಾಜಿನ ಬಾಗಿಲಿನ ಓಕ್ ಬೀರು ಆರ್ಡರ್ ಮಾಡುತ್ತೇನೆ ಅಂತಲೂ ಬರೆದಿದ್ದೀಯ. ಎರಡೂ ಬೇಡ ಕಣೋ. ಫೋನಿನಲ್ಲಿ ಹೇಳಿದರೆ ಹತ್ತು ಮಾತಿನಲ್ಲಿ ಕಳೆದುಹೋಗುತ್ತದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಇವರು ಯಾರು ಅಂತ ತಿಳಿದುಕೋ. ಹಳದಿ ಕೋಟು ಅಂದರೆ ಸ್ಕಿನ್ನರ್ಸ್ ಹಾರ್ಸ್. ಜೇಮ್ಸ್ ಸ್ಕಿನ್ನರ್ ಅನ್ನುವವನು 1803ರಲ್ಲಿ ಕಟ್ಟಿದ ಕುದುರೆ ದಂಡು. ಅವನ ತಂದೆ ಸ್ಕಾಟ್ಲೆಂಡಿನವರು, ತಾಯಿ ರಜಪೂತರು. ಆ ರೆಜಿಮೆಂಟ್ ಇವತ್ತಿಗೂ ಭಾರತದ ಸೇನೆಯಲ್ಲಿದೆ. ಕುದುರೆ ಹೋಗಿ ಟ್ಯಾಂಕ್ ಬಂದಿದೆ, ಅಷ್ಟೇ.

ಈ ಗೊಂಬೆ ಮಾಡಿದ್ದು ಲಂಡನ್ನಿನ ಬ್ರಿಟನ್ಸ್ ಕಂಪನಿ. ಅದಕ್ಕೂ ಮೊದಲು ಇಲ್ಲಿನ ಮಕ್ಕಳ ಕೈಗೆ ಬರುತ್ತಿದ್ದ ಸೈನಿಕರೆಲ್ಲ ಹೆಚ್ಚಾಗಿ ಜರ್ಮನಿಯವರು. ಇಡಿಯಾಗಿ ಎರಕ ಹೊಯ್ದದ್ದು, ಸೀಸ ಜಾಸ್ತಿ, ಬೆಲೆಯೂ ಜಾಸ್ತಿ. 1893ರಲ್ಲಿ ಕಿರಿಯ ವಿಲಿಯಂ ಬ್ರಿಟನ್ ಒಂದು ಉಪಾಯ ಕಂಡುಕೊಂಡ. ಕಾದ ಸೀಸವನ್ನು ಅಚ್ಚಿಗೆ ಹೊಯ್ಯುವುದು. ಅಚ್ಚಿನ ಗೋಡೆಗೆ ತಾಗಿದ ಸೀಸ ಮೊದಲು ಗಟ್ಟಿಯಾಗುತ್ತದೆ ಅಲ್ವಾ? ಅಷ್ಟರಲ್ಲಿ ಅಚ್ಚನ್ನು ಮಗುಚಿ ಒಳಗೆ ಇನ್ನೂ ನೀರಾಗಿರುವುದನ್ನು ಹೊರಗೆ ಚೆಲ್ಲುವುದು. ಉಳಿದದ್ದು ತೆಳ್ಳನೆಯ ಚಿಪ್ಪು. ಒಳಗೆ ಪೊಳ್ಳು. ಸೀಸದ ಖರ್ಚು ಉಳಿಯಿತು, ಸಾಗಿಸುವ ಖರ್ಚೂ ಇಳಿಯಿತು. ಐದು ಸವಾರರ ಪೆಟ್ಟಿಗೆ, ಇಲ್ಲವೇ ಎಂಟು ಕಾಲಾಳುಗಳ ಪೆಟ್ಟಿಗೆ, ಒಂದು ಶಿಲ್ಲಿಂಗಿಗೆ ಸಿಗತೊಡಗಿತು. ನಿಂತ ಸೈನಿಕನ ಎತ್ತರ 54 ಮಿಲಿಮೀಟರ್. ಆಗಿನ ಒಂದನೇ ಗೇಜ್ ಆಟಿಕೆ ರೈಲಿಗೆ ಸರಿಹೊಂದುವ ಅಳತೆ. ಇವತ್ತಿಗೂ ಸಂಗ್ರಹ ಮಾಡುವವರು ಈ ಅಳತೆಯ ಲೆಕ್ಕದಲ್ಲೇ ಮಾತಾಡುತ್ತಾರೆ.

ಎರಕದ ಮಾತು ಇಷ್ಟಾಯಿತು. ನಾನು ಹೇಳಬೇಕಾದದ್ದು ಬಣ್ಣದ ಬಗ್ಗೆ.

1931ರಲ್ಲಿ ಆ ಕಂಪನಿ ನಾನಿರುವ ಈ ವಾಲ್ಥಮ್‌ಸ್ಟೋದಲ್ಲಿ ಕಾರ್ಖಾನೆ ತೆರೆಯಿತು. ಬಣ್ಣ ಬಳಿಯುತ್ತಿದ್ದವರಲ್ಲಿ ಹೆಂಗಸರೇ ಜಾಸ್ತಿ. ಕೆಲವರು ಕಾರ್ಖಾನೆಯಲ್ಲಿ, ಕೆಲವರು ಮನೆಗೆ ತಂದುಕೊಂಡು. ನಾನು ಈ ಬೀದಿಗೆ ಬಂದ ಹೊಸತರಲ್ಲಿ ಪಕ್ಕದ ಮನೆಯ ಅಜ್ಜಿ ತಮ್ಮ ತಾಯಿಯ ಕಥೆ ಹೇಳುತ್ತಿದ್ದರು. ರಾತ್ರಿ ಊಟದ ತಟ್ಟೆ ತೆಗೆದ ಮೇಲೆ ಅದೇ ಮೇಜಿನ ಮೇಲೆ ಸಾಲಾಗಿ ಸೈನಿಕರು. ಎಲ್ಲರಿಗೂ ಮೊದಲು ಕೋಟು, ಆಮೇಲೆ ಎಲ್ಲರಿಗೂ ಬೂಟು, ಕಡೆಗೆ ಕಣ್ಣಿನ ಚುಕ್ಕೆ. ಮಕ್ಕಳು ಮೇಜು ಅಲ್ಲಾಡಿಸಬಾರದು. ಮಾಡಿದ ಲೆಕ್ಕಕ್ಕೆ ಕಾಸು.

ಈಗ ನಿನ್ನ ಮೂರನೇ ಸವಾರನ ಮುಖ ನೋಡು. ಎಡಗಣ್ಣಿನ ಚುಕ್ಕೆ ಸ್ವಲ್ಪ ಕೆಳಗೆ ಜಾರಿದೆ. ಅದು ಯಾವಳೋ ಒಬ್ಬಳ ಕೈ ಕಣೋ. ಎಷ್ಟು ಹೊತ್ತಾಗಿತ್ತೋ, ಎಷ್ಟನೇ ಸೈನಿಕನೋ, ಕಣ್ಣು ಎಷ್ಟು ದಣಿದಿತ್ತೋ. ಅವಳ ಹೆಸರು ಎಲ್ಲೂ ಉಳಿದಿಲ್ಲ. ಪೆಟ್ಟಿಗೆಯ ಮೇಲೆ ಮಾಲೀಕರ ಹೆಸರಿದೆ. ಅವಳದು ಅಂತ ಉಳಿದದ್ದು ಆ ಚುಕ್ಕೆ ಒಂದೇ. ನೀನು ಅದರ ಮೇಲೆ ಹೊಸ ಬಣ್ಣ ಎಳೆದರೆ ಅದೂ ಹೋಯಿತು.

ನಾನು ಒಮ್ಮೆ ಆ ತಪ್ಪು ಮಾಡಿದ್ದೇನೆ. ಕೆಂಪು ಕೋಟಿನ ಒಬ್ಬ ಸ್ಕಾಟಿಷ್ ಕಾಲಾಳು ಸಿಕ್ಕಿದ್ದ. ಕೋಟು ಅಲ್ಲಲ್ಲಿ ಎದ್ದು ಸೀಸ ಕಾಣುತ್ತಿತ್ತು. ಎನಾಮೆಲ್ ತಂದು ಎರಡು ದಿನ ಕೂತು ಚೆಂದ ಮಾಡಿದೆ. ಒಂದು ಮೇಳಕ್ಕೆ ಒಯ್ದು ಹಿರಿಯ ಸಂಗ್ರಾಹಕರೊಬ್ಬರಿಗೆ ತೋರಿಸಿದೆ. ಅವರು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಮೆಲ್ಲಗೆ ನನ್ನ ಅಂಗೈ ಮೇಲೆ ಇಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ಸೈನಿಕ ಇನ್ನೂ ನನ್ನ ಹತ್ತಿರ ಇದ್ದಾನೆ. ಅವನನ್ನು ನೋಡಿದಾಗೆಲ್ಲ ನನಗೆ ನನ್ನ ಕೈ ಕಾಣುತ್ತದೆಯೇ ಹೊರತು ಅವಳ ಕೈ ಕಾಣುವುದಿಲ್ಲ.

ಕೈ ತುರಿಸುತ್ತಿದ್ದರೆ ಬಣ್ಣ ಹಾಕದ ಹೊಸ ಎರಕದ ಗೊಂಬೆಗಳು ಸಿಗುತ್ತವೆ, ತಗೋ. ಅವು ನಿನ್ನ ಕುಂಚಕ್ಕಾಗಿಯೇ ಕಾದಿರುತ್ತವೆ. ನಾನು ಹಾಗೆ ಆರು ಸವಾರರನ್ನು ಮೈಸೂರು ಲ್ಯಾನ್ಸರ್ಸ್, ಅಂದರೆ ಮೈಸೂರು ಸಂಸ್ಥಾನದ ಕುದುರೆ ದಂಡಿನವರು, ಮಾಡಿದ್ದೇನೆ. ಖಾಕಿ ಬಟ್ಟೆ, ಕೈಯಲ್ಲಿ ಭರ್ಜಿ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾ ಊರನ್ನು ತುರ್ಕರಿಂದ ಗೆದ್ದ ದಿನದವರು ಅವರು. ಜೋಧಪುರದವರು ಊರಿನ ಕಡೆಗೆ ನುಗ್ಗಿದರು, ನಮ್ಮ ಮೈಸೂರಿನವರು ಕಾರ್ಮೆಲ್ ಗುಡ್ಡದ ಮೇಲಿದ್ದ ಫಿರಂಗಿಗಳ ಕಡೆಗೆ ಏರಿದರು. ದಿಲ್ಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಸೈನಿಕರ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನವನದು ಅಂತ ನಿನಗೆ ಗೊತ್ತಿತ್ತಾ? ಆ ಆರು ಜನರಿಗೆ ಬಣ್ಣ ಹಾಕುವಾಗ ನನಗೆ ಒಂದು ಚಳಿಗಾಲ ಪೂರ್ತಿ ಹಿಡಿಯಿತು. ಅದರಷ್ಟು ನೆಮ್ಮದಿಯ ಚಳಿಗಾಲ ನಾನು ಇಲ್ಲಿ ಕಂಡಿಲ್ಲ.

ಇನ್ನು ಬೀರುವಿನ ವಿಷಯ. ಓಕ್ ಮರ ನೋಡಲು ಗಂಭೀರವಾಗಿರುತ್ತದೆ, ಆದರೆ ಸೀಸಕ್ಕೆ ಅದು ಶತ್ರು. ಆ ಮರದಿಂದ ಹುಳಿ ಆವಿ ಬರುತ್ತಲೇ ಇರುತ್ತದೆ. ವಿನೆಗರ್‌ನಲ್ಲಿರುವ ಆಮ್ಲವೇ ಅದು. ಬಾಗಿಲು ಮುಚ್ಚಿದ ಬೀರುವಿನೊಳಗೆ ಆವಿ ಕೂಡಿಕೊಂಡು ಸೀಸವನ್ನು ತಿನ್ನುತ್ತದೆ. ಮೊದಲು ಕಾಲಿನ ಹತ್ತಿರ ಬಿಳಿ ಪುಡಿ. ಆಮೇಲೆ ಬಣ್ಣದ ಕೆಳಗಿನಿಂದ ಉಬ್ಬು. ಕಡೆಗೆ ಮುಟ್ಟಿದರೆ ಉದುರುತ್ತದೆ. ಪೊಳ್ಳು ಗೊಂಬೆಯ ಗೋಡೆ ಮೊದಲೇ ತೆಳು. ಹಸಿ ಪ್ಲೈವುಡ್, ಎಂಡಿಎಫ್ ಹಲಗೆ, ಸರಿಯಾಗಿ ಆರದ ಬಣ್ಣ, ಇವೆಲ್ಲ ಅದೇ ಜಾತಿ. ಗಾಜು ಮತ್ತು ಲೋಹದ ಬೀರು ತಗೋ. ಸ್ವಲ್ಪ ಗಾಳಿಯಾಡಲಿ, ತೇವ ಬೇಡ. ಬಿಸಿಲು ಬೀಳುವ ಗೋಡೆಯಂತೂ ಬೇಡವೇ ಬೇಡ.

ಪೆಟ್ಟಿಗೆಯನ್ನು ಎಸೆಯಬೇಡ. ಹರಿದ ಮೂಲೆಗೆ ಟೇಪು ಹಚ್ಚಬೇಡ. ಆಮ್ಲವಿಲ್ಲದ ತೆಳು ಕಾಗದದಲ್ಲಿ ಸುತ್ತಿ ಬೇರೆ ಇಡು. ಒಳಗಿನ ರಟ್ಟಿಗೆ ಸವಾರರನ್ನು ಕಟ್ಟಿದ್ದ ಹಳೆಯ ದಾರದ ತುಂಡು ಇದ್ದರೆ ಅದೂ ಇರಲಿ. ಧೂಳು ಒರೆಸಲು ಮೇಘಾಳ ಹತ್ತಿರ ಹೊಸ ಮೇಕಪ್ ಬ್ರಷ್ ಇದ್ದರೆ ಕೇಳಿ ತಗೋ, ನೀರು ಮುಟ್ಟಿಸಬೇಡ. ಎತ್ತುವಾಗ ಕುದುರೆಯ ಹೊಟ್ಟೆ ಹಿಡಿದು ಎತ್ತು. ಭರ್ಜಿ ಹಿಡಿದು ಎತ್ತಿದರೆ ತೋಳು ಕೈಗೆ ಬರುತ್ತದೆ.

ಒಂದು ಮಾತು ಮಾತ್ರ ಆಜ್ಞೆ ಅಂತಲೇ ತಿಳಿ. ಪುಟ್ಟಿಗೆ ಎರಡು ವರ್ಷ. ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ವಯಸ್ಸು. ಈ ಗೊಂಬೆಗಳು ಸೀಸ, ಹಳೆಯ ಬಣ್ಣದಲ್ಲೂ ಸೀಸ ಇರುತ್ತದೆ. ಇದೇ ಕಾರಣಕ್ಕೆ 1966ರ ಹೊತ್ತಿಗೆ ಕಂಪನಿ ಸೀಸದ ಸೈನಿಕರನ್ನು ನಿಲ್ಲಿಸಿ ಪ್ಲಾಸ್ಟಿಕ್ಕಿಗೆ ಹೋಯಿತು. ಬೀರುವಿಗೆ ಬೀಗ ಇರಲಿ, ಕೀ ಎತ್ತರದಲ್ಲಿರಲಿ. ಊಟದ ಮೇಜಿನ ಮೇಲೆ ಒಂದು ದಿನವೂ ಇಡಬೇಡ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳಿ, ಆಮೇಲೆ ಮಗು ಎತ್ತಿಕೋ. ಅವಳೂ ಕೇಳುತ್ತಾಳೆ, ನನಗೂ ಕುದುರೆ ಬೇಕು ಅಂತ. ಚನ್ನಪಟ್ಟಣದ್ದು ಕೊಡು. ಹಾಲೆ ಮರ, ಅರಗಿನ ಬಣ್ಣ. ಊರಿಂದ ಬರುವವರ ಕೈಲಿ ತರಿಸುತ್ತೇನೆ.

ಜೋಡಿಸುವುದು ಹೇಗೆ ಅಂತ ಕೇಳಿದ್ದೀಯ. ನಾನು ಅದನ್ನು ಕಲಿತದ್ದು ಇಲ್ಲಿ ಅಲ್ಲ, ಮೈಸೂರಿನ ನಮ್ಮ ಮನೆಯ ನಡುಮನೆಯಲ್ಲಿ. ನಿನ್ನ ಮುತ್ತಜ್ಜಿ ನವರಾತ್ರಿಗೆ ಗೊಂಬೆ ಕೂರಿಸುವಾಗ ನಾನು ಪಕ್ಕದಲ್ಲಿ ಕೂತು ಕಾಗದ ಬಿಚ್ಚಿ ಕೊಡುತ್ತಿದ್ದೆ. ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆ. ಕೆಳಗೆ ಜಂಬೂಸವಾರಿ: ಆನೆ, ಕುದುರೆ, ಮಣ್ಣಿನ ಸಿಪಾಯಿಗಳು. ಸಿಪಾಯಿಗಳನ್ನು ಒತ್ತೊತ್ತಾಗಿ ಇಟ್ಟರೆ ಅಜ್ಜಿ ಎರಡನ್ನು ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರು. "ಅವರಿಗೆ ನಡೆಯೋಕೆ ಜಾಗ ಬೇಡ್ವೇನೇ" ಅನ್ನುತ್ತಿದ್ದರು. ಈಗಲೂ ಗಾಜಿನ ಬೀರು ತೆಗೆದಾಗ ನನಗೆ ಆ ಮಾತು ಕೇಳಿಸುತ್ತದೆ. ನಿನ್ನ ಐದು ಜನರಿಗೆ ಒಂದಿಡೀ ಹಲಗೆ ಬಿಡು. ಅಧಿಕಾರಿ ಮುಂದೆ, ನಾಲ್ವರು ಹಿಂದೆ. ಅವರ ಜೊತೆ ಬೇರೆ ಪೆಟ್ಟಿಗೆಯವರನ್ನು ಬೆರೆಸಬೇಡ. ಕೂತಾಗ ಕಣ್ಣಿಗೆ ನೇರ ಬರುವ ಎತ್ತರದಲ್ಲಿಡು. ಮೇಲಿನಿಂದ ನೋಡಿದರೆ ಮುಂಡಾಸು ಕಾಣುತ್ತದೆ, ಮುಖ ಕಾಣುವುದಿಲ್ಲ.

ಲಂಡನ್ನಿಗೆ ಬಂದಾಗ ನಿನ್ನನ್ನು ಚೆಲ್ಸಿಯ ನ್ಯಾಷನಲ್ ಆರ್ಮಿ ಮ್ಯೂಸಿಯಂಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ವಿಲಿಯಂ ಸೈಬೋರ್ನ್ ಅನ್ನುವ ಸೇನಾಧಿಕಾರಿ ಮಾಡಿದ, ನೆಪೋಲಿಯನ್ ಸೋತ ವಾಟರ್ಲೂ ಯುದ್ಧದ ಮಾದರಿ ಇದೆ. 1838ರಲ್ಲಿ ಜನರ ಮುಂದೆ ಇಟ್ಟದ್ದು. ಬೆರಳಿನ ಉಗುರಿನಷ್ಟು ಎತ್ತರದ ಸೈನಿಕರು, 70,000ಕ್ಕೂ ಜಾಸ್ತಿ. ನೆಲದ ಏರು ತಗ್ಗು ತಪ್ಪಬಾರದು ಅಂತ ಆತ ಎಂಟು ತಿಂಗಳು ಆ ರಣಭೂಮಿಯ ತೋಟದ ಮನೆಯಲ್ಲೇ ಉಳಿದಿದ್ದ. ಇಡೀ ಯುದ್ಧ ತೋರಿಸಲಿಲ್ಲ. 1815ರ ಜೂನ್ 18ರ ಸಂಜೆ ಏಳು ಗಂಟೆ, ಅಷ್ಟೇ. ಆದರೆ ಆ ಗಳಿಗೆಯಲ್ಲಿ, ಬ್ರಿಟಿಷರ ಜೊತೆಗೂಡಿದ್ದ ಪ್ರಷ್ಯಾದ ಸೈನ್ಯ ಎಷ್ಟು ಮುಂದೆ ಬಂದಿತ್ತು ಅಂತ ತೋರಿಸಿದ್ದು ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್ನನ ಕಡೆಯವರಿಗೆ ಹಿಡಿಸಲಿಲ್ಲ. ಗೆಲುವು ಹಂಚಿಹೋಗುತ್ತದೆ ಅಲ್ವಾ? ಒತ್ತಡ ತಡೆಯಲಾರದೆ ಕಡೆಗೆ ಆತ ಸಾವಿರಾರು ಪ್ರಷ್ಯನ್ನರನ್ನು ಮಾದರಿಯಿಂದ ತೆಗೆದ. ಯಾರನ್ನು ಇಡುತ್ತೇವೆ, ಯಾರನ್ನು ತೆಗೆಯುತ್ತೇವೆ ಅನ್ನುವುದು ಸಣ್ಣ ವಿಷಯ ಅಲ್ಲ ಕಣೋ.

ನಿನ್ನ ಸವಾರರ ಬಗ್ಗೆಯೂ ನಾನು ಇದನ್ನೇ ಯೋಚಿಸುತ್ತೇನೆ. ಇವರನ್ನು ಮಾಡಿದ್ದು ಇಂಗ್ಲಿಷ್ ಹುಡುಗರ ಆಟಕ್ಕೆ. ನಮ್ಮವರನ್ನು ತಮ್ಮ ರಾಜನ ಕುದುರೆ ಸವಾರರು ಅಂತ ಆ ಹುಡುಗರು ಕಾರ್ಪೆಟ್ಟಿನ ಮೇಲೆ ಸಾಲು ನಿಲ್ಲಿಸಿದರು. ಮೊದಲ ಸಲ ಮುಂಡಾಸಿನ ಸೈನಿಕನನ್ನು ಕೈಯಲ್ಲಿ ಹಿಡಿದಾಗ ನನಗೆ ಹೆಮ್ಮೆಯೂ ಆಯಿತು, ಹೊಟ್ಟೆಯಲ್ಲಿ ಸಂಕಟವೂ ಆಯಿತು. ಎರಡೂ ಇವತ್ತಿಗೂ ಹೋಗಿಲ್ಲ. ಹಲಗೆಯ ಮುಂದೆ ಒಂದು ಸಣ್ಣ ಚೀಟಿ ಇಡು. ಯಾವ ದಂಡು, ಯಾರು ಮಾಡಿದರು, ಯಾರಿಗಾಗಿ ಮಾಡಿದರು ಅಂತ ಕನ್ನಡದಲ್ಲಿ ಬರೆ. ಪುಟ್ಟಿ ಓದಲು ಕಲಿತಾಗ ಅಲ್ಲಿಂದಲೇ ಕೇಳಲು ಶುರು ಮಾಡಲಿ.

ದುಡ್ಡಿನ ಮಾತು ಜಾಸ್ತಿ ಬೇಡ. ಒಂದು ವರ್ಷ ಬರೀ ನೋಡು, ವರ್ಷಕ್ಕೆ ಎರಡು ಪೆಟ್ಟಿಗೆಗಿಂತ ಜಾಸ್ತಿ ಕೊಳ್ಳಬೇಡ. ಮುಂದೆ ಬೆಲೆ ಬರುತ್ತದೆ ಅಂತ ಕೊಳ್ಳುವುದಾದರೆ ಕೊಳ್ಳಲೇಬೇಡ. ಕೊಳ್ಳುವ ಮೊದಲು ಕೈಯಲ್ಲಿ ತೂಗು. ಪೊಳ್ಳು ಗೊಂಬೆ ಅನ್ನುತ್ತಾರೆ, ಆದರೆ ಕಲ್ಲಿನ ಹಾಗೆ ಭಾರ ಇದ್ದರೆ ಅದು ಹೊಸ ನಕಲು ಇರಬಹುದು. ಬಣ್ಣ ಗಾಜಿನ ಹಾಗೆ ಹೊಳೆಯುತ್ತಿದ್ದರೆ ಎರಡು ಸಲ ಯೋಚಿಸು. ಕುದುರೆಯ ಹೊಟ್ಟೆಯ ಕೆಳಗೂ ಪೀಠದ ಕೆಳಗೂ ತಿರುಗಿಸಿ ನೋಡು. ಇತರರು ಕದ್ದು ನಕಲು ಮಾಡುತ್ತಾರೆ ಅಂತ ಬ್ರಿಟನ್ಸ್‌ನವರು 1900ರಿಂದ ಅಲ್ಲಿ ಚೀಟಿ ಅಂಟಿಸಿದರು, ಆಮೇಲೆ ಅಚ್ಚಿನಲ್ಲೇ ಹೆಸರು ಕೊರೆದರು.

ತಲೆ ಮುರಿದವನನ್ನು ಏನು ಮಾಡಲಿ ಅಂತ ಕೇಳಿದೆಯಲ್ಲ, ಅಂಟು ಹಚ್ಚಬೇಡ. ಕುತ್ತಿಗೆಯೂ ಪೊಳ್ಳು, ತಲೆಯೂ ಪೊಳ್ಳು. ಇಲ್ಲಿನ ಹುಡುಗರು ಬೆಂಕಿಕಡ್ಡಿಯ ತುಂಡೊಂದನ್ನು ಕುತ್ತಿಗೆಗೆ ತೂರಿಸಿ ಅದರ ಮೇಲೆ ತಲೆ ಕೂರಿಸುತ್ತಿದ್ದರು. ಇವತ್ತಿಗೂ ಹಳೆಯ ಪೆಟ್ಟಿಗೆಗಳಲ್ಲಿ ಅಂಥವರು ಸಿಗುತ್ತಾರೆ. ತಲೆಯನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಜೋಪಾನ ಮಾಡು. ನವರಾತ್ರಿಗೆ ಮೂವರೂ ಬನ್ನಿ, ಸವಾರನನ್ನೂ ತಗೊಂಡು ಬಾ. ಗೊಂಬೆ ಕೂರಿಸಿ ಆದ ಮೇಲೆ ಇಬ್ಬರೂ ಕೂತು ಕಡ್ಡಿ ಕೆತ್ತೋಣ. ನನ್ನ ಕೈ ಈಗ ಸ್ವಲ್ಪ ನಡುಗುತ್ತದೆ. ನೀನು ಕೆತ್ತು, ನಾನು ಬೆಳಕು ಹಿಡಿಯುತ್ತೇನೆ.

ನಿನ್ನ
ಅತ್ತೆ